ಆನ್‌ಲೈನ್ ಥೆರಪಿ ಶುರು ಮಾಡೋ ಮೊದಲು ಬಾಗಿಲ ಆಚೆ ಯಾರಿದ್ದಾರೆ ನೋಡಿಕೊಳ್ಳಿ

ಹೋದ ವಾರ ನಮ್ಮ ಶಾಲೆಗೆ ಹೊಸದಾಗಿ ಬಂದ ಟೀಚರ್ ಒಬ್ಬಳು ಮೆಲ್ಲಗೆ ಕೇಳಿದಳು. "ಅಕ್ಕ, ನೀವು ಫೋನಿನ್ಯಾಗ ಕೌನ್ಸೆಲಿಂಗ್ ತಗೊಂಡಿದ್ರಂತಲ್ಲ, ನಾನೂ ಶುರು ಮಾಡ್ಬೇಕಂತೀನಿ. ಮೊದ್ಲು ಏನ್ ನೋಡ್ಕೋಬೇಕ್ರಿ?" ಊಟದ ಬಿಡುವಿನಲ್ಲಿ ಹೇಳಿ ಮುಗಿಯಲಿಲ್ಲ. ನಮ್ಮ ಕಲಬುರಗಿ ಕಡೆ ಇದನ್ನು ಯಾರನ್ನು ಕೇಳೋದು ಅಂತ ಸುಮ್ಮನಿರುವವರು ಇನ್ನೂ ಇದ್ದಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಅವಳನ್ನು ಮೊದಲು ಕೇಳಿದ್ದು ಒಂದೇ. ನೀನು ಅತ್ತರೆ ಯಾರಿಗೂ ಕೇಳಿಸದ ಜಾಗ ಮನೆಯಲ್ಲಿ ಇದೆಯಾ?

ಅಪ್ಪ ತೀರಿಕೊಂಡ ಮೇಲೆ ನನಗೆ ರಾತ್ರಿ ಎದೆ ಬಡಿದುಕೊಂಡು ಎಚ್ಚರವಾಗುತ್ತಿತ್ತು. ಡಾಕ್ಟರು ಇಸಿಜಿ, ಥೈರಾಯ್ಡ್, ರಕ್ತ ಎಲ್ಲ ನೋಡಿ ಸರಿ ಇದೆ ಎಂದರು. (ಈ ಪರೀಕ್ಷೆ ಬಿಡಬೇಡಿ. ಥೈರಾಯ್ಡ್ ಜಾಸ್ತಿಯಾದರೂ, ರಕ್ತ ಕಡಿಮೆ ಇದ್ದರೂ ಎದೆ ಹೀಗೇ ಬಡಿದುಕೊಳ್ಳುತ್ತದೆ.) ಆಮೇಲೆ ಒಂದು ಆ್ಯಪ್‌ನಲ್ಲಿ ಸೆಷನ್ ಬುಕ್ ಮಾಡಿದೆ. ತೊಗರಿ ಸುಗ್ಗಿಯ ದಿನಗಳು. ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಕೂತೆ. ಆಚೆ ಪಡಸಾಲೆಯ ಪರ್ಸಿ ಕಲ್ಲಿನ ನೆಲದ ಮೇಲೆ ಅತ್ತೆ ತೊಗರಿಕಾಯಿ ಸುಲಿಯುತ್ತಿದ್ದರು. ಕಾಳು ಸ್ಟೀಲ್ ಡಬ್ಬಿಗೆ ಬೀಳುವ ಸದ್ದು ಒಳಗೆ ಕೇಳುತ್ತಿತ್ತು. ನಾನು ಬಾಯಿ ತೆರೆದಾಗೆಲ್ಲ ಆ ಸದ್ದು ನಿಲ್ಲುತ್ತಿತ್ತು. ಅವರದು ಕೆಟ್ಟ ಮನಸ್ಸಲ್ಲ. ಸೊಸೆ ಬಾಗಿಲು ಹಾಕಿಕೊಂಡು ಯಾರ ಜೊತೆ ಮಾತಾಡುತ್ತಾಳೆ ಅನ್ನುವ ಗಾಬರಿ. ಆದರೆ ಆ 50 ನಿಮಿಷ ನಾನು "ಹೂಂ, ಪರವಾಗಿಲ್ಲ, ಈಗ ಆರಾಮ ಇದ್ದೀನಿ" ಬಿಟ್ಟು ಬೇರೇನೂ ಹೇಳಲಿಲ್ಲ.

ಹೆಡ್‌ಫೋನ್ ಇದ್ದರೆ ಸಾಕು ಅಂದುಕೊಳ್ಳುತ್ತೇವೆ. ಅದರಿಂದ ಕೌನ್ಸೆಲರ್ ಮಾತು ಹೊರಗೆ ಹೋಗಲ್ಲ, ನಮ್ಮ ಮಾತು ಹೋಗುತ್ತೆ ಅಲ್ವಾ? ಮುಂದಿನ ವಾರ ಮಾಳಿಗೆ ಮೇಲಿನ ಸಾಮಾನಿನ ಕೋಣೆ ಖಾಲಿ ಮಾಡಿ ಒಂದು ಕುರ್ಚಿ ಹಾಕಿದೆ. ಅತ್ತೆಗೂ ಹೇಳಿಬಿಟ್ಟೆ. "ನಿದ್ದಿ ಬರವಲ್ದು ಅತ್ತಿ, ಅದಕ್ಕ ಒಬ್ಬರ ಕೂಡ ಮಾತಾಡ್ಲಕತ್ತೀನಿ." ಅಷ್ಟೇ ಹೇಳಿದ್ದು, ಅಷ್ಟೇ ಸಾಕಾಯಿತು. ಆಮೇಲೆ ಮಕ್ಕಳು ಮೆಟ್ಟಿಲು ಹತ್ತಿದರೆ ಅವರೇ ತಡೆಯುತ್ತಿದ್ದರು. ಬೇಸಿಗೆಯಲ್ಲಿ ಆ ಕೋಣೆ ಕಾದ ಹಂಚು. ಹಾಗಾಗಿ ಬೆಳಿಗ್ಗೆ 7ಕ್ಕೆ ಸಮಯ ಕೇಳಿದೆ, ಕೊಟ್ಟರು.

ಎರಡನೆಯದು ಭಾಷೆ. ಮೊದಲು ಸಿಕ್ಕ ಕೌನ್ಸೆಲರ್ ಒಳ್ಳೆಯವರೇ, ಆದರೆ ಮಾತೆಲ್ಲ ಇಂಗ್ಲಿಷ್. ನನಗೆ ಇಂಗ್ಲಿಷ್ ಬರುತ್ತೆ, ಪಾಠ ಮಾಡುತ್ತೇನೆ. ಆದರೆ "ಎದಿ ಧಸಕ್ ಅಂತದ" ಅನ್ನೋದನ್ನು ಅದರಲ್ಲಿ ಹೇಳಲು ಹೋದರೆ ಯಾರದೋ ವಿಷಯ ಹೇಳಿದಂಗಾಗುತ್ತಿತ್ತು. ಕನ್ನಡದವರೇ ಬೇಕು ಅಂತ ಬದಲಾಯಿಸಿಕೊಂಡೆ. ಹೊಸಬರು ಕೇಳಿದ ಮೊದಲ ಪ್ರಶ್ನೆ ಇನ್ನೂ ನೆನಪಿದೆ. "ಧಸಕ್ ಅಂದಾಗ ಮೊದಲು ಯಾರ ಮುಖ ಕಣ್ಮುಂದೆ ಬರುತ್ತೆ?" ಅವತ್ತು ನಾನು ಅಪ್ಪನ ಬಗ್ಗೆ ಮಾತಾಡಿದೆ. ಒಬ್ಬರು ಹೊಂದದಿದ್ದರೆ ಬದಲಾಯಿಸಿ. ಅದಕ್ಕೆ ಸಂಕೋಚ ಬೇಡ.

ಎದುರಿಗಿರುವವರು ಏನು ಓದಿದ್ದಾರೆ ಅಂತ ಕೇಳಲೇಬೇಕು. ಮನೋವೈದ್ಯರು ಅಂದರೆ ಎಂಬಿಬಿಎಸ್ ಮಾಡಿ ಮೇಲೆ ಸೈಕಿಯಾಟ್ರಿ ಓದಿದವರು. ಔಷಧಿ ಬೇಕಾದರೆ ಡಾಕ್ಟರೇ ಬರೆಯಬೇಕು, ಕೌನ್ಸೆಲರ್ ಬರೆಯುವಂತಿಲ್ಲ. ಮಾತಿನ ಮೂಲಕ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನೋಂದಣಿ ಇರುತ್ತದೆ. ಆ ನಂಬರ್ ಕೇಳಿ, ಪರಿಷತ್ತಿನ ವೆಬ್‌ಸೈಟಿನಲ್ಲಿ ನೋಡಬಹುದು. ಕೌನ್ಸೆಲರ್ ಅನ್ನುವ ಹೆಸರನ್ನು ಮಾತ್ರ ಚಿಕ್ಕ ಕೋರ್ಸ್ ಮಾಡಿದವರೂ ಹಾಕಿಕೊಳ್ಳುತ್ತಾರೆ. ಸರಿಯಾಗಿ ಕಲಿತ ಕೌನ್ಸೆಲರ್‌ಗಳೂ ಬೇಕಾದಷ್ಟು ಜನ ಇದ್ದಾರೆ. ಅಂಥವರು ಕೇಳಿದರೆ ಬೇಜಾರು ಮಾಡಿಕೊಳ್ಳಲ್ಲ.

ಮೊದಲ ದಿನ ಕೌನ್ಸೆಲರ್ ನನ್ನ ಮನೆ ವಿಳಾಸ, ತುರ್ತಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತ ಕೇಳಿದಾಗ ಹೆದರಿದ್ದೆ. ಆಮೇಲೆ ತಿಳಿಯಿತು. ಅವರು ಬೆಂಗಳೂರಿನಲ್ಲಿ, ನಾನು ಸುಮಾರು 600 ಕಿಲೋಮೀಟರ್ ದೂರದಲ್ಲಿ. ನನಗೇನಾದರೂ ಆದರೆ ಅವರು ಎದ್ದು ಬರಲು ಆಗಲ್ಲ. ನಾವು ಹೇಳಿದ್ದನ್ನು ಗುಟ್ಟಾಗಿಡಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೇ ಇದೆ. ಆದರೆ ಜೀವಕ್ಕೆ ಅಪಾಯ ಅನ್ನಿಸಿದರೆ ಬೇರೆಯವರಿಗೆ ತಿಳಿಸಬೇಕಾಗುತ್ತದೆ. ಯಾವಾಗ, ಯಾರಿಗೆ ತಿಳಿಸುತ್ತೀರಿ, ಸೆಷನ್ ರೆಕಾರ್ಡ್ ಮಾಡುತ್ತೀರಾ, ಈ ಎರಡನ್ನೂ ಮೊದಲೇ ಕೇಳಿ.

ಫೀಸು, ಕೊನೆ ಗಳಿಗೆಯಲ್ಲಿ ರದ್ದು ಮಾಡಿದರೆ ದುಡ್ಡು ಹೋಗುತ್ತಾ, ಕರೆಂಟ್ ಹೋಗಿ ವಿಡಿಯೊ ಕಟ್ಟಾದರೆ ಸಾದಾ ಕಾಲ್ ಮಾಡೋದಾ, ಇದೂ ಮಾತಾಗಿರಲಿ. ಫೋನ್ ಮಕ್ಕಳ ಕೈಯಲ್ಲಿ ಇರುವ ಮನೆಯಾದರೆ ನೋಟಿಫಿಕೇಶನ್ ಬಂದ್ ಮಾಡಿ. ನನ್ನ ಸೆಷನ್ ನೆನಪಿಸುವ ಮೆಸೇಜ್ ಒಂದನ್ನು ಮಗ ಎಲ್ಲರ ಮುಂದೆ ಜೋರಾಗಿ ಓದಿದ್ದ.

ಇನ್ನು ಇದೊಂದು ಮಾತು ಕೈಮುಗಿದು ಹೇಳುತ್ತೇನೆ. ಸಾಯಬೇಕು ಅನ್ನಿಸುತ್ತಿದ್ದರೆ, ಯಾರೂ ಇಲ್ಲದಾಗ ದನಿ ಕೇಳುತ್ತಿದ್ದರೆ, ಮುಂದಿನ ವಾರದ ಆನ್‌ಲೈನ್ ಸೆಷನ್‌ಗೆ ಕಾಯಬೇಡಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ ಅದು. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹೊಡೆಯುವವರೇ ಪಕ್ಕದ ಕೋಣೆಯಲ್ಲಿದ್ದರೆ ವಿಡಿಯೊ ಸೆಷನ್ ಸರಿಹೋಗಲ್ಲ, ಆಸ್ಪತ್ರೆಗೆ ಹೋಗಿ ಡಾಕ್ಟರ ಜೊತೆ ನೇರವಾಗಿ ಮಾತಾಡಿ. ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್ ಅನ್ನುವ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಿವೆ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅನ್ನುವ ಮಂಗಳವಾರದ ಕ್ಲಿನಿಕ್ ನಡೆಸುವ ಯೋಜನೆಯೂ ರಾಜ್ಯದಲ್ಲಿದೆ. ನಿಮ್ಮಲ್ಲಿ ಯಾವ ಮಂಗಳವಾರ ಅಂತ ವಿಚಾರಿಸಿಕೊಂಡು ಹೋಗಿ.

ಆ ಹುಡುಗಿ ನನ್ನ ಪ್ರಶ್ನೆಗೆ ತಲೆ ತಗ್ಗಿಸಿದಳು. "ಎರಡ ಖೋಲಿ ಅಕ್ಕ, ಏಳ ಮಂದಿ ಇದ್ದೀವಿ." ಗುರುವಾರ ಸಂಜೆ ಅವಳ ಮೊದಲ ಸೆಷನ್. ನಮ್ಮ ಮಾಳಿಗೆ ಕೋಣೆಯ ಕೀಲಿಕೈ ಅವಳ ಹತ್ತಿರ ಕೊಟ್ಟಿದ್ದೇನೆ.