ಅಳುವವರ ಬಾಯಿಗೆ ವಾಕ್ಯ ತುರುಕಬೇಡಿ

ಇವತ್ತು ಆರಾಧನೆ ಮುಗಿದ ಮೇಲೂ ಒಬ್ಬ ಹುಡುಗಿ ಬೆಂಚಿನಲ್ಲೇ ಕೂತು ಅಳುತ್ತಿದ್ದಳು. ಯಾಕೆ ಅಂತ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಮೂರು ಜನ ಸುತ್ತ ನಿಂತು, "ದೇವರು ಕ್ಷಮಿಸಿ ಆಯ್ತಲ್ಲಮ್ಮಾ, ಇನ್ನು ಅಳಬಾರದು" ಅಂದರು. ಒಬ್ಬರಂತೂ ಅಲ್ಲೇ ಮೊಬೈಲ್ ತೆಗೆದು ಗುಲಾಬಿ ಚಿತ್ರದ ಮೇಲೆ ಬರೆದ ಬೈಬಲ್ ವಾಕ್ಯವೊಂದನ್ನು ಕಳಿಸಿದರು. ಅವಳು ಕಣ್ಣೊರೆಸಿಕೊಂಡು "ಸರಿ ಆಂಟಿ" ಅಂದಳು. ನನಗೆ ಕರುಳು ಚುರುಕ್ ಅಂತು.

ನಾನೂ ಹಾಗೇ "ಸರಿ" ಅಂದವಳು. ಅಮ್ಮನ ಎಡಗಣ್ಣಿನ ವಿಷಯ ನಿಮ್ಮಲ್ಲಿ ಹಲವರಿಗೆ ಗೊತ್ತು. "ಪಕ್ಕದಿಂದ ಬರೋರು ಕಾಣ್ತಿಲ್ಲ ಕಣೇ" ಅಂದಾಗಲೆಲ್ಲ, "ಈಗ ಕೆಲಸ ಜಾಸ್ತಿ, ಮುಂದಿನ ತಿಂಗಳು ತೋರಿಸೋಣ" ಅಂದೆ. ಹೀಗೇ ಒಂದೂವರೆ ವರ್ಷ ಕಳೆದೆ. ಅದು ಕಣ್ಣಿನ ನರ ಹಾಳುಮಾಡುವ ಗ್ಲಾಕೋಮಾ. ಅದರಿಂದ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಈಗ ಅಮ್ಮ ಕಾಫಿ ಬಗ್ಗಿಸುವಾಗ ಲೋಟದ ಅಂಚಿಗೆ ಒಂದು ಬೆರಳಿಟ್ಟುಕೊಳ್ಳುತ್ತಾಳೆ. ಬಿಸಿ ತಾಗಿದರೆ ಲೋಟ ತುಂಬಿತು ಅಂತ ಲೆಕ್ಕ.

ನನಗೂ ಆಗ ವಾಕ್ಯಗಳು ಬಂದವು, ದಿನಕ್ಕೆ ಹತ್ತು. ಒಂದೂ ಒಳಗೆ ಇಳಿಯಲಿಲ್ಲ. ಇಳಿದದ್ದು ಬೈಬಲಿನ 51ನೇ ಕೀರ್ತನೆಯ ಮೂರನೇ ವಚನ. ನನ್ನ ಪಾಪ ಯಾವಾಗಲೂ ನನ್ನ ಎದುರಿಗೇ ಇದೆ ಅನ್ನುತ್ತಾನೆ ಅಲ್ಲಿ ರಾಜ ದಾವೀದ. ನನ್ನ ಎದುರಿಗೆ ಇದ್ದದ್ದು ಆ ಬೆರಳು. ಆರು ವಾರ ಬೆಳಗ್ಗೆ ಅದೊಂದನ್ನೇ ಓದಿದೆ. ಒಂದನೇ ಕೀರ್ತನೆಯಲ್ಲಿ ಧ್ಯಾನ ಅಂತ ನಾವು ಓದುವ ಜಾಗದಲ್ಲಿರುವ ಹೀಬ್ರೂ ಮಾತನ್ನೇ ಯೆಶಾಯನ ಗ್ರಂಥದಲ್ಲಿ ಪಾರಿವಾಳದ ನರಳಾಟಕ್ಕೂ ಬಳಸಿದ್ದಾರೆ. ನನ್ನ ಧ್ಯಾನವೂ ನರಳಾಟವೇ ಆಗಿತ್ತು. ಅದನ್ನು ಯಾರೂ ನಿಲ್ಲಿಸಬಾರದಿತ್ತು.

"ಪ್ರವಾದಿ ನಾತಾನನೂ ದಾವೀದನಿಗೆ ತಕ್ಷಣವೇ ಹೇಳಿದ್ನಲ್ಲ, ಯೆಹೋವನು ನಿನ್ನನ್ನು ಕ್ಷಮಿಸಿದ್ದಾನೆ ಅಂತ?" ಎಂದು ನೀವು ಕೇಳಬಹುದು. ಹೌದು, 2 ಸಮುವೇಲ 12ರಲ್ಲಿ ಹಾಗೇ ಇದೆ. ಆದರೆ ಅದಕ್ಕೆ ಮೊದಲು ಅವನು, ಬೇರೆಯವನ ಹೆಂಡತಿಯನ್ನು ತನ್ನವಳಾಗಿ ಮಾಡಿಕೊಂಡಿದ್ದ ದಾವೀದನಿಗೆ, ಬಡವನ ಒಂದೇ ಕುರಿಮರಿಯನ್ನು ಕಿತ್ತುಕೊಂಡ ಶ್ರೀಮಂತನ ಕಥೆ ಹೇಳಿದ. "ಆ ಮನುಷ್ಯ ನೀನೇ" ಅಂದ. ದಾವೀದ ತನ್ನ ಬಾಯಿಂದಲೇ "ಪಾಪ ಮಾಡಿದೆ" ಅನ್ನುವವರೆಗೂ ಕ್ಷಮೆಯ ಮಾತು ಎತ್ತಲಿಲ್ಲ. ಅಷ್ಟಾದ ಮೇಲೂ ದಾವೀದ ಅದೇ 51ನೇ ಕೀರ್ತನೆಯಲ್ಲಿ ಮತ್ತೆ ಮತ್ತೆ ತೊಳಿ, ಶುದ್ಧಮಾಡು ಅಂತ ಬೇಡುತ್ತಾನೆ. ಕ್ಷಮೆ ಸಿಕ್ಕಿತು ಅಂತ ಕಿವಿಗೆ ಬಿದ್ದ ತಕ್ಷಣ ಎದೆ ಹಗುರ ಆಗಲ್ಲ. ಅವನಿಗೇ ಅಷ್ಟು ಹೊತ್ತು ಬೇಕಾಗಿದ್ದರೆ, ಆ ಹುಡುಗಿಗೆ ನಾವು ಐದು ನಿಮಿಷವನ್ನೂ ಕೊಡಲಿಲ್ಲ, ಅಲ್ವಾ?

ಮತ್ತೆ, ಹತ್ತನೇ ವಚನದಲ್ಲಿ ಅವನು ಕೇಳುವುದು ಮರೆವನ್ನಲ್ಲ, ಶುದ್ಧವಾದ ಹೃದಯವನ್ನು. ಅಲ್ಲಿಗೆ ಬಂದ ದಿನ ನಾನು ಅಡುಗೆಮನೆಗೆ ಹೋಗಿ ಅಮ್ಮನ ಹತ್ತಿರ ಎಲ್ಲ ಹೇಳಿದೆ. ಕೆಲಸದ ನೆಪ ಸುಳ್ಳು, ನನಗೆ ಸೋಮಾರಿತನ ಇತ್ತು ಅಂತಲೂ ಹೇಳಿದೆ.

"ಗೊತ್ತು ಕಣೇ. ನೀನೇ ಹೇಳ್ಲಿ ಅಂತ ಸುಮ್ನಿದ್ದೆ" ಅಂದಳು.

ಆ ರಾತ್ರಿ ನನಗೆ ನಿದ್ದೆ ಬಂತು. ಬೆಳಗ್ಗೆ ಆ ಬೆರಳು ಮತ್ತೆ ಕಾಣಿಸಿತು. ನೋವಾಯಿತು, ಆದರೆ ಮುಖ ತಿರುಗಿಸಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಇವತ್ತು ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಮುಂದಿನ ಭಾನುವಾರ ಆ ಹುಡುಗಿಯ ಬೆಂಚಿನಲ್ಲೇ ಕೂರುತ್ತೇನೆ.