ಪಾರ್ಕಿಂಗ್ ಚೀಟಿಗೆ ಕಮಿಷನ್ ಇದೆಯಾ? ಒಂದು ಸ್ಪಷ್ಟನೆ

ಇಂಗ್ಲೆಂಡಿನಲ್ಲಿ ಪಾರ್ಕಿಂಗ್ ಅಧಿಕಾರಿಗಳಿಗೆ ದಂಡದ ಚೀಟಿಗೆ ಇಷ್ಟು ಅಂತ ಕಮಿಷನ್ ಸಿಗುತ್ತದೆ, ಅದಕ್ಕೇ ಹೊಂಚು ಹಾಕಿರುತ್ತಾರೆ ಎನ್ನುವ ಮಾತು ಇಲ್ಲಿನ ಕನ್ನಡಿಗರ ನಡುವೆಯೂ ಓಡಾಡುತ್ತದೆ. ಕೌನ್ಸಿಲ್ (ಸ್ಥಳೀಯ ಆಡಳಿತ) ಅಧಿಕಾರಿಗಳ ಮಟ್ಟಿಗೆ ಇದು ತಪ್ಪು. ಎಷ್ಟು ಚೀಟಿ ಹಾಕಿದರು ಎಂದು ನೋಡಿ ಬಹುಮಾನ ಕೊಡಬಾರದು, ಟಾರ್ಗೆಟ್ ಇಡಬಾರದು ಎಂದು ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ರಸ್ತೆಬದಿ ಪಾರ್ಕಿಂಗ್‌ನಲ್ಲಿ ಖರ್ಚು ಕಳೆದು ಉಳಿದ ಹಣವನ್ನೂ ಕೌನ್ಸಿಲ್ ಮನಬಂದಂತೆ ಬಳಸುವಂತಿಲ್ಲ. 1984ರ ರಸ್ತೆ ಸಂಚಾರ ನಿಯಂತ್ರಣ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಅದು ಪಾರ್ಕಿಂಗ್, ರಸ್ತೆ, ಬಸ್ಸಿನಂಥ ಕೆಲಸಗಳಿಗೇ ಹೋಗಬೇಕು. ಸೂಪರ್‌ಮಾರ್ಕೆಟ್ ಮುಂದೆ ಖಾಸಗಿ ಕಂಪನಿ ಹಾಕುವ ಚೀಟಿಯೇ ಬೇರೆ. ಜನ ಎರಡನ್ನೂ ಸುಮ್ನೆ ಒಂದೇ ಮಾಡುತ್ತಾರೆ.

"ಎರಡೇ ನಿಮಿಷ" ಅಂತ ಹಜಾರ್ಡ್ ಲೈಟ್ ಹಾಕಿ, ಫುಟ್‌ಪಾತಿನ ಇಳಿಜಾರಿಗೆ ಅಡ್ಡವಾಗಿ ಕಾರು ಬಿಟ್ಟು ಹೋಗುವವರನ್ನು ನೋಡಿದ್ದೀರಲ್ವಾ? ಆಗ ವೀಲ್‌ಚೇರಿನಲ್ಲಿ ಬಂದವರು ರಸ್ತೆ ದಾಟಲಾಗದೆ ಅಲ್ಲೇ ಕಾಯಬೇಕು. ಅಂಥ ಕಾರಿಗೆ ಮಳೆಯಲ್ಲಿ ನೆನೆಯುತ್ತಾ ಚೀಟಿ ಅಂಟಿಸುವವರು ಈ ಕೌನ್ಸಿಲ್ ಅಧಿಕಾರಿಗಳೇ. ಬೈಗುಳ ಜಾಸ್ತಿ, ಥ್ಯಾಂಕ್ಸ್ ಕಮ್ಮಿ.

ಇನ್ನೊಂದು ವಿಷಯ. ಕೌನ್ಸಿಲ್ ಪಾರ್ಕಿಂಗ್ ಜಾಗದಲ್ಲಿ ದುಡ್ಡು ಕಟ್ಟಿದ ಹೊತ್ತು ಮುಗಿದ ಮೇಲೂ 10 ನಿಮಿಷ ಬಿಡಬೇಕೆಂಬ ನಿಯಮ 2015ರಿಂದ ಇದೆ. ಚೀಟಿ ಬಿದ್ದರೂ 14 ದಿನದೊಳಗೆ ಕಟ್ಟಿದರೆ ಸಾಮಾನ್ಯವಾಗಿ ಅರ್ಧ ದಂಡ ಸಾಕು.