ಉಡುಪಿಯಲ್ಲಿ ಕಲ್ಲಿದ್ದಲು ಗಣಿ ಇಲ್ಲ: ಸ್ಪಷ್ಟನೆ

‘ಉಡುಪಿ ಬಳಿ ಕಲ್ಲಿದ್ದಲು ಗಣಿ ಹರಾಜಾಗಿದೆ, ಸ್ವರ್ಣಾ ನದಿ ಹಾಳಾಗಲಿದೆ’ ಎಂಬ ವಾಟ್ಸ್ಆ್ಯಪ್ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ.

ನಮ್ಮ ಕರಾವಳಿಯಲ್ಲಿ ಮುರಕಲ್ಲಿನ (ಜಂಬಿಟ್ಟಿಗೆ) ಕೆಳಗಿರುವ ಶಿಲೆಗೆ 250 ಕೋಟಿ ವರ್ಷಗಳಿಗೂ ಹೆಚ್ಚು ವಯಸ್ಸು. ಆಗ ನೆಲದ ಮೇಲೆ ಕಾಡೇ ಇರಲಿಲ್ಲ. ಕಲ್ಲಿದ್ದಲು ಆಗುವುದು ಹೂತುಹೋದ ಕಾಡಿನಿಂದ; ಕಾಡಿಲ್ಲದೆ ಅದು ಎಲ್ಲಿಂದ ಬರಬೇಕು? ನಮಗೆ ಹತ್ತಿರದ ದೊಡ್ಡ ಗಣಿಗಳಿರುವುದು ತೆಲಂಗಾಣದ ಸಿಂಗರೇಣಿಯಲ್ಲಿ.

ಇಲ್ಲಿರುವುದು ಯಲ್ಲೂರಿನ 1200 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ. ಅದರ ಕಲ್ಲಿದ್ದಲು ವಿದೇಶದಿಂದ ಹಡಗಿನಲ್ಲಿ ಮಂಗಳೂರಿನ ಪಣಂಬೂರು ಬಂದರಿಗೆ, ಅಲ್ಲಿಂದ ರೈಲಿನಲ್ಲಿ ಸ್ಥಾವರಕ್ಕೆ ಬರುತ್ತದೆ. ಅದು ಬಳಸುವುದು ಸಮುದ್ರದ ನೀರನ್ನು. ಉಡುಪಿ ನಗರಕ್ಕೆ ಕುಡಿಯುವ ನೀರು ಬರುವ, ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬೇರೆಯೇ ದಿಕ್ಕಿನಲ್ಲಿದೆ.

ಹಾಗೆಂದು ಆತಂಕ ಸುಳ್ಳಲ್ಲ. ಮಲ್ಲಿಗೆ ಗಿಡಗಳ ಎಲೆಯ ಮೇಲೆ ಕೂರುವ ಬೂದಿ, ಉಪ್ಪಾದ ಬಾವಿ ನೀರು: ಸುತ್ತಲಿನ ಕೃಷಿಕರು ವರ್ಷಗಳಿಂದ ಹೇಳುತ್ತಿರುವ ದೂರುಗಳಿವು. 2022ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸ್ಥಾವರಕ್ಕೆ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ವಿಧಿಸಿತು. ಇಲ್ಲದ ಗಣಿಯ ಮಾತು ಹಬ್ಬಿದಷ್ಟೂ ಈ ನಿಜವಾದ ದೂರುಗಳ ತೂಕ ಕಡಿಮೆಯಾಗುತ್ತದೆ ಎಂಬುದೇ ನನ್ನ ಚಿಂತೆ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಅದು ನಿಮಗೆ ಬಂದ ಗುಂಪಿನಲ್ಲಿ ಈ ಸ್ಪಷ್ಟನೆಯನ್ನು ಹಾಕಿ.